ಲಿವರ್ ಕ್ಯಾನ್ಸರ್‌ಗೆ ಜೋಡಿ ಔಷಧದ ಟ್ರಯಲ್: ಸಹಿ ಹಾಕುವ ಮೊದಲು ನೋಡಬೇಕಾದದ್ದು

ವೈದ್ಯರು "ಒಂದು ಟ್ರಯಲ್ ನಡೆಯುತ್ತಿದೆ, ಸೇರುತ್ತೀರಾ?" ಎಂದು ಕೇಳಿದ ದಿನವೇ ಸಹಿ ಹಾಕಬೇಡಿ. ಆ ದಿನವೇ ಬೇಡವೆಂದೂ ಹೇಳಬೇಡಿ. ರೋಗಿಗೆ ಕೊಡುವ ಮಾಹಿತಿ ಪತ್ರದ ಕನ್ನಡ ಪ್ರತಿಯನ್ನು ಕೇಳಿ ಪಡೆದು ಮನೆಗೆ ಒಯ್ಯಿರಿ. ಮನೆಯಲ್ಲಿ ಓದು ಬಲ್ಲವರೊಬ್ಬರು ಅದನ್ನು ರೋಗಿಯ ಎದುರಿನಲ್ಲಿಯೇ ಜೋರಾಗಿ ಓದಲಿ, ಅರ್ಥವಾಗದ ಸಾಲುಗಳ ಕೆಳಗೆ ಗೆರೆ ಎಳೆಯಲಿ. ಮುಂದಿನ ಭೇಟಿಗೆ ಆ ಗೆರೆ ಎಳೆದ ಪ್ರತಿಯನ್ನೇ ತನ್ನಿ.

ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ ನಾನು ಮೊದಲು ನರ್ಸ್ ಆಗಿದ್ದೆ, ಈಗ ಬಹಳ ವರ್ಷಗಳಿಂದ ಔಷಧ ಪ್ರಯೋಗಗಳ ಸಂಯೋಜಕಿ. ಒಪ್ಪಿಗೆ ಪತ್ರ, ರಕ್ತದ ಮಾದರಿ, ಸ್ಕ್ಯಾನ್ ದಿನಾಂಕ, ರೋಗಿಯ ಊಟ ತಿಂಡಿಯ ದೂರು ಎಲ್ಲವೂ ನನ್ನ ಮೇಜನ್ನು ಹಾದು ಹೋಗುತ್ತವೆ. ರಾಯಚೂರಿನಿಂದ ಬಂದವರಾಗಲಿ, ಹಾಸನದಿಂದ ಬಂದವರಾಗಲಿ, ಮನೆಯವರು ಕೇಳುವುದು ಎರಡೇ ಪ್ರಶ್ನೆ: "ಮೇಡಂ, ಇದರಿಂದ ಪೂರ್ತಿ ಗುಣವಾಗುತ್ತದೆಯೇ?" ಮತ್ತು "ಅಪ್ಪನ ಮೇಲೆ ಪ್ರಯೋಗ ಮಾಡುತ್ತೀರಾ?" ಎರಡೂ ಸಹಜ. ಆದರೆ ನಿರ್ಧಾರ ನಿಂತಿರುವುದು ಬೇರೆ ಎರಡು ಪ್ರಶ್ನೆಗಳ ಮೇಲೆ: ಈ ಔಷಧಗಳನ್ನು ತಾಳಿಕೊಳ್ಳುವ ಸ್ಥಿತಿಯಲ್ಲಿ ಲಿವರ್ ಇದೆಯೇ? ಒಟ್ಟಿಗೆ ಕೊಡುವ ಎರಡು ಔಷಧಗಳ ಈ ಹೊಸ ಜೋಡಿಯನ್ನು ಯಾವುದರ ಜೊತೆ ಹೋಲಿಸಿ ನೋಡುತ್ತಿದ್ದಾರೆ? ಈ ಎರಡನ್ನು ಕೇಳುವುದು ಹೇಗೆ, ಉತ್ತರವನ್ನು ಅರ್ಥಮಾಡಿಕೊಳ್ಳುವುದು ಹೇಗೆ ಎಂದು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಹೇಳುವುದೆಲ್ಲ ಲಿವರ್‌ನಲ್ಲಿಯೇ ಹುಟ್ಟುವ ಹೆಪಟೊಸೆಲ್ಯುಲರ್ ಕಾರ್ಸಿನೋಮಾ ಬಗ್ಗೆ. ದೊಡ್ಡ ಕರುಳಿನಿಂದಲೋ ಸ್ತನದಿಂದಲೋ ಲಿವರ್‌ಗೆ ಹರಡಿದ ಕ್ಯಾನ್ಸರ್ ಬೇರೆ ಕಾಯಿಲೆ, ಅದರ ಔಷಧಗಳೂ ಟ್ರಯಲ್‌ಗಳೂ ಬೇರೆ. ವರದಿಯಲ್ಲಿ ಯಾವುದು ಬರೆದಿದೆ ಎಂದು ಮೊದಲು ಖಚಿತಪಡಿಸಿಕೊಳ್ಳಿ. ಗಡ್ಡೆ ಲಿವರ್‌ನ ದೊಡ್ಡ ರಕ್ತನಾಳದೊಳಗೆ ಹೊಕ್ಕಿದ್ದರೆ ಅಥವಾ ಲಿವರ್‌ನ ಆಚೆಗೆ ಹರಡಿದ್ದರೆ ವೈದ್ಯರು ಅದನ್ನು ಮುಂದುವರಿದ ಹಂತ ಎನ್ನುತ್ತಾರೆ. ಜೋಡಿ ಔಷಧದ ಟ್ರಯಲ್‌ಗಳು ಹೆಚ್ಚಾಗಿ ನಡೆಯುವುದು ಈ ಹಂತದಲ್ಲಿರುವ ರೋಗಿಗಳಲ್ಲಿ.

ಮೊದಲು ಲಿವರ್, ಆಮೇಲೆ ಗಡ್ಡೆ

ಈ ಕಾಯಿಲೆಯವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್‌ಗಿಂತ ಮೊದಲೇ ಲಿವರ್ ಕೆಟ್ಟಿರುತ್ತದೆ. ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಮದ್ಯ, ಸಕ್ಕರೆ ಕಾಯಿಲೆ ಮತ್ತು ಬೊಜ್ಜಿನ ಜೊತೆ ಬರುವ ಕೊಬ್ಬಿನ ಲಿವರ್, ಇವುಗಳಲ್ಲಿ ಒಂದಾದರೂ ಹೆಚ್ಚಾಗಿ ಹಿಂದೆ ಇರುತ್ತದೆ. ಹಾಗಾಗಿ ರೋಗಿ ಒಂದೇ ಹೊತ್ತಿಗೆ ಎರಡು ಕಾಯಿಲೆಗಳೊಂದಿಗೆ ಬದುಕುತ್ತಿರುತ್ತಾನೆ. ಲಿವರ್ ಸೋತರೆ ಅತ್ಯುತ್ತಮ ಕ್ಯಾನ್ಸರ್ ಔಷಧವೂ ಅವನಿಗೆ ಸಹಾಯ ಮಾಡಲಾರದು.

ಲಿವರ್‌ನ ಶಕ್ತಿಯನ್ನು ಅಳೆಯಲು ಚೈಲ್ಡ್-ಪ್ಯೂ ಎಂಬ ಅಂಕ ಪದ್ಧತಿ ಇದೆ. ಅದನ್ನು ನೀವೇ ಲೆಕ್ಕ ಹಾಕಿ ನೋಡಬಹುದು. ಐದು ವಿಷಯಗಳು, ಪ್ರತಿಯೊಂದಕ್ಕೂ ಒಂದರಿಂದ ಮೂರು ಅಂಕ. ರಕ್ತದಲ್ಲಿ ಕಾಮಾಲೆಯ ಹಳದಿ ಅಂಶವಾದ ಬಿಲಿರುಬಿನ್ 2ಕ್ಕಿಂತ ಕಡಿಮೆ ಇದ್ದರೆ ಒಂದು ಅಂಕ, 2ರಿಂದ 3ರವರೆಗೆ ಎರಡು, ಅದನ್ನು ಮೀರಿದರೆ ಮೂರು. ಲಿವರ್ ತಯಾರಿಸುವ ಪ್ರೋಟೀನ್ ಆದ ಆಲ್ಬುಮಿನ್ 3.5ಕ್ಕಿಂತ ಹೆಚ್ಚಿದ್ದರೆ ಒಂದು, 2.8ರಿಂದ 3.5ರವರೆಗೆ ಎರಡು, ಅದಕ್ಕಿಂತ ಇಳಿದರೆ ಮೂರು. ರಕ್ತ ಹೆಪ್ಪುಗಟ್ಟುವಿಕೆಯ ಐಎನ್‌ಆರ್ 1.7ಕ್ಕಿಂತ ಕಡಿಮೆ ಇದ್ದರೆ ಒಂದು, 2.3ರವರೆಗೆ ಎರಡು, ಮೀರಿದರೆ ಮೂರು. ಹೊಟ್ಟೆಯಲ್ಲಿ ನೀರು ಇಲ್ಲದಿದ್ದರೆ ಒಂದು, ಸ್ವಲ್ಪ ಇದ್ದರೆ ಎರಡು, ಹೆಚ್ಚಿದ್ದರೆ ಮೂರು. ಮಂಕು, ಗೊಂದಲ ಇಲ್ಲದೆ ಬುದ್ಧಿ ಸ್ವಚ್ಛವಾಗಿದ್ದರೆ ಒಂದು, ಲಘು ಗೊಂದಲಕ್ಕೆ ಎರಡು, ಎಚ್ಚರ ತಪ್ಪುವಷ್ಟಾದರೆ ಮೂರು. ಒಟ್ಟು 5 ಅಥವಾ 6 ಬಂದರೆ ಎ ವರ್ಗ, 7ರಿಂದ 9 ಬಿ, ಅದರ ಮೇಲೆ ಸಿ.

ಬಿಲಿರುಬಿನ್ 1.4, ಆಲ್ಬುಮಿನ್ 3.2, ಐಎನ್‌ಆರ್ 1.2, ಹೊಟ್ಟೆಯಲ್ಲಿ ನೀರಿಲ್ಲ, ಬುದ್ಧಿ ಸ್ವಚ್ಛ ಎಂದುಕೊಳ್ಳಿ. ಒಟ್ಟು 6, ಎ ವರ್ಗ. ಮುಂದಿನ ತಿಂಗಳು ಹೊಟ್ಟೆಯಲ್ಲಿ ಸ್ವಲ್ಪ ನೀರು ಕಾಣಿಸಿಕೊಂಡರೆ ಒಟ್ಟು 7, ಬಿ ವರ್ಗ. ಮುಂದುವರಿದ ಹಂತದ ದೊಡ್ಡ ಟ್ರಯಲ್‌ಗಳಲ್ಲಿ ಬಹುತೇಕ ಎಲ್ಲವೂ ಎ ವರ್ಗದವರನ್ನು ಮಾತ್ರ ಸೇರಿಸಿಕೊಂಡಿವೆ. ಅಂದರೆ ಆ ಒಂದು ಅಂಕದಲ್ಲಿ ಬಾಗಿಲು ಮುಚ್ಚಿಬಿಡುತ್ತದೆ. "ಹಬ್ಬ ಮುಗಿಸಿಕೊಂಡು ಬರುತ್ತೇವೆ", "ಅಡಿಕೆ ಕೊಯ್ಲು ಮುಗಿಯಲಿ" ಎಂದು ಹೊರಟವರು ಮತ್ತೆ ಬರುವಷ್ಟರಲ್ಲಿ ಅಂಕ ದಾಟಿರುವುದನ್ನು ನಾನು ಕಂಡಿದ್ದೇನೆ, ಪ್ರತಿ ಸಲವೂ ಮನಸ್ಸು ಕುಗ್ಗಿದೆ. ಯೋಚಿಸಲು ಒಂದು ವಾರ ತೆಗೆದುಕೊಳ್ಳಿ, ಒಂದು ಋತು ಬೇಡ.

ಆ ವಾರದಲ್ಲಿ ಫೈಲು ಜೋಡಿಸಿಡಿ. ಮೂರು ಹಂತದಲ್ಲಿ ತೆಗೆದ ಸಿ.ಟಿ. ಸ್ಕ್ಯಾನ್ ಅಥವಾ ಎಂ.ಆರ್.ಐ.ನ ವರದಿ ಮಾತ್ರವಲ್ಲ, ಅದರ ಸಿ.ಡಿ.ಯೂ ಬೇಕು. ಬಯಾಪ್ಸಿ ಆಗಿದ್ದರೆ ಅದರ ಬ್ಲಾಕ್ (ಮೇಣದಲ್ಲಿ ಕಾಪಾಡಿಟ್ಟ ಗಡ್ಡೆಯ ತುಣುಕು) ಯಾವ ಪ್ರಯೋಗಾಲಯದಲ್ಲಿದೆ ಎಂಬ ವಿವರ, ಲಿವರ್ ಕ್ಯಾನ್ಸರ್‌ನ ಸುಳಿವು ಕೊಡುವ ಎಎಫ್‌ಪಿ ರಕ್ತ ಪರೀಕ್ಷೆ, ಹೆಪಟೈಟಿಸ್ ಬಿ ಮತ್ತು ಸಿ ವರದಿ, ಇದುವರೆಗೆ ತೆಗೆದುಕೊಂಡ ಎಲ್ಲ ಔಷಧಗಳ ಪಟ್ಟಿ. ಹೆಪಟೈಟಿಸ್ ಬಿ ಇದ್ದವರು ಹೆದರಬೇಕಾಗಿಲ್ಲ, ವೈರಸ್ ಹತೋಟಿಯಲ್ಲಿದ್ದರೆ ಸೇರಬಹುದು. ನಾನು ಕೆಳಗೆ ವಿವರಿಸುವ ಐಎಂಬ್ರೇವ್150 ಟ್ರಯಲ್‌ನಲ್ಲಿ ವೈರಸ್‌ನ ಡಿಎನ್‌ಎ ಪ್ರಮಾಣ ಮಿ.ಲೀ.ಗೆ 500 ಐಯುಗಿಂತ ಕಡಿಮೆ ಇರಬೇಕೆಂಬ ನಿಯಮವಿತ್ತು. ಹೆಪಟೈಟಿಸ್ ಬಿ ಮಾತ್ರೆಯನ್ನು ನಿಲ್ಲಿಸಿದ್ದರೆ ಇಂದೇ ವೈದ್ಯರಿಗೆ ತಿಳಿಸಿ.

ಬಾಯಿಯಿಂದ ಪೈಪು ಇಳಿಸಿ ಅನ್ನನಾಳ ನೋಡುವ ಎಂಡೋಸ್ಕೋಪಿಯ ವಿಷಯದಲ್ಲಿ ಮಾತ್ರ ಹಟ ಹಿಡಿಯುತ್ತೇನೆ. "ಹೊಟ್ಟೆ ನೋವೇ ಇಲ್ಲ, ಪೈಪು ಯಾಕೆ?" ಎಂದು ಬಹಳ ಜನ ಕೇಳುತ್ತಾರೆ. ಲಿವರ್ ಗಟ್ಟಿಯಾದವರಲ್ಲಿ ಅನ್ನನಾಳದ ರಕ್ತನಾಳಗಳು ಉಬ್ಬಿಕೊಂಡಿರಬಹುದು. ಬೆವಾಸಿಜುಮ್ಯಾಬ್‌ನಂತಹ ಔಷಧ ಗಡ್ಡೆಗೆ ಹೊಸ ರಕ್ತನಾಳ ಬೆಳೆಯದಂತೆ ತಡೆಯುತ್ತದೆ, ಅದೇ ಹೊತ್ತಿಗೆ ರಕ್ತಸ್ರಾವದ ಅಪಾಯವನ್ನೂ ಹೆಚ್ಚಿಸುತ್ತದೆ. ಆದ್ದರಿಂದ ಐಎಂಬ್ರೇವ್150ರಲ್ಲಿ ಹಿಂದಿನ ಆರು ತಿಂಗಳೊಳಗೆ ಎಂಡೋಸ್ಕೋಪಿ ಆಗಿರಲೇಬೇಕಿತ್ತು. ಉಬ್ಬಿದ ನಾಳ ಕಂಡರೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟಿ, ಆಮೇಲೆ ಔಷಧ ಶುರು ಮಾಡಬಹುದು. ಈ ಪರೀಕ್ಷೆಯನ್ನು ತಪ್ಪಿಸಿಕೊಳ್ಳಲು ದಾರಿ ಹುಡುಕಬೇಡಿ.

ಎರಡು ಔಷಧ ಎಂದ ಮಾತ್ರಕ್ಕೆ ಎರಡು ಪಟ್ಟು ಅಲ್ಲ

2007ರ ಕೊನೆಯಲ್ಲಿ ಅಮೆರಿಕದಲ್ಲಿ ಸೊರಾಫೆನಿಬ್ ಎಂಬ ಮಾತ್ರೆಗೆ ಈ ಕಾಯಿಲೆಗೆಂದು ಅನುಮತಿ ಸಿಕ್ಕಿತು. ಅದಕ್ಕೆ ಆಧಾರವಾದ ಟ್ರಯಲ್‌ನಲ್ಲಿ ಮಾತ್ರೆ ತೆಗೆದುಕೊಂಡವರ ಬದುಕಿನ ಮಧ್ಯಾಂಕ 10.7 ತಿಂಗಳು, ಔಷಧವಿಲ್ಲದ ಖಾಲಿ ಮಾತ್ರೆಯವರದು 7.9 ತಿಂಗಳು. ಮಧ್ಯಾಂಕ ಎಂದರೆ ಅರ್ಧದಷ್ಟು ರೋಗಿಗಳು ದಾಟಿದ ಅವಧಿ. ನಿಮ್ಮ ಮನೆಯವರಿಗೆ ಬರೆದಿಟ್ಟ ಆಯುಸ್ಸಲ್ಲ. ಲಾಭ ಸಣ್ಣದಾಗಿ ಕಂಡರೂ ಅದಕ್ಕಿಂತ ಮೊದಲು ಕೈಯಲ್ಲಿ ಏನೂ ಇರಲಿಲ್ಲ. ಆಮೇಲೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಮೊದಲ ಚಿಕಿತ್ಸೆಯಾಗಲು ಬಂದ ಹೊಸ ಔಷಧಗಳು ಸೊರಾಫೆನಿಬ್ ಎದುರು ನಿಂತು ಪರೀಕ್ಷೆ ಎದುರಿಸಿದವು, ಹೆಚ್ಚಿನವು ಸೋತವು.

2020ರ ಮೇ ತಿಂಗಳಲ್ಲಿ ಐಎಂಬ್ರೇವ್150ರ ಫಲಿತಾಂಶ ಪ್ರಕಟವಾಯಿತು. ಈ ಕಾಯಿಲೆಯಲ್ಲಿ ಸೊರಾಫೆನಿಬ್‌ಗಿಂತ ಹೆಚ್ಚು ಬದುಕು ಕೊಟ್ಟ ಮೊದಲ ಚಿಕಿತ್ಸೆ ಒಂದು ಜೋಡಿಯಾಗಿತ್ತು: ದೇಹದ ರೋಗನಿರೋಧಕ ಕಣಗಳ ಕಟ್ಟು ಬಿಚ್ಚುವ ಅಟೆಜೋಲಿಜುಮ್ಯಾಬ್ ಮತ್ತು ಗಡ್ಡೆಯ ರಕ್ತನಾಳಗಳನ್ನು ತಡೆಯುವ ಬೆವಾಸಿಜುಮ್ಯಾಬ್. ಎರಡನ್ನೂ ಮೂರು ವಾರಕ್ಕೊಮ್ಮೆ ಡ್ರಿಪ್‌ನಲ್ಲಿ ಕೊಡುತ್ತಾರೆ. 501 ರೋಗಿಗಳಲ್ಲಿ ಮೂವರಲ್ಲಿ ಇಬ್ಬರಿಗೆ ಈ ಜೋಡಿ, ಒಬ್ಬರಿಗೆ ಸೊರಾಫೆನಿಬ್. ಒಂದು ವರ್ಷದ ಕೊನೆಗೆ ಜೋಡಿಯ ಗುಂಪಿನಲ್ಲಿ ಶೇ. 67.2ರಷ್ಟು ಜನ ಬದುಕಿದ್ದರು, ಸೊರಾಫೆನಿಬ್ ಗುಂಪಿನಲ್ಲಿ ಶೇ. 54.6. ಮುಂದಿನ ವರದಿಯಲ್ಲಿ ಮಧ್ಯಾಂಕ 19.2 ತಿಂಗಳು ಮತ್ತು 13.4 ತಿಂಗಳು ಎಂದು ಬಂತು.

ಜೋಡಿಯಲ್ಲಿ ಎರಡನೆಯ ಔಷಧ ನಿಜವಾಗಿಯೂ ಬೇಕೇ, ಒಂದೇ ಸಾಲದೇ ಎಂಬುದನ್ನು ಅದಕ್ಕೂ ಮೊದಲೇ ಒಂದು ಚಿಕ್ಕ ಟ್ರಯಲ್‌ನಲ್ಲಿ ನೋಡಿದ್ದರು. ಕೆಲವರಿಗೆ ಎರಡೂ, ಕೆಲವರಿಗೆ ಅಟೆಜೋಲಿಜುಮ್ಯಾಬ್ ಮಾತ್ರ. ಕಾಯಿಲೆ ಬೆಳೆಯದೆ ನಿಂತ ಅವಧಿ ಎರಡೂ ಪಡೆದವರಲ್ಲಿ 5.6 ತಿಂಗಳು, ಒಂದನ್ನೇ ಪಡೆದವರಲ್ಲಿ 3.4 ತಿಂಗಳು. ನನಗೆ ತುಂಬ ಇಷ್ಟವಾದ ಕೆಲಸ ಇದು. ರೋಗಿಯ ಮೈಗೆ ಇನ್ನೊಂದು ಔಷಧದ ಭಾರ ಹೊರಿಸುವ ಮುನ್ನ ಅದು ಅಗತ್ಯವೇ ಎಂದು ಕೇಳಿಕೊಳ್ಳುವುದು ನಮ್ಮ ಕರ್ತವ್ಯ. ನಿಮಗೆ ಹೇಳಿದ ಜೋಡಿಗೂ ಇಂತಹ ಆಧಾರ ಇದೆಯೇ ಎಂದು ಪ್ರಧಾನ ಸಂಶೋಧಕ ವೈದ್ಯರನ್ನು ಕೇಳಿ. ಮೊದಲ ಹಂತದ (ಫೇಸ್ 1) ಟ್ರಯಲ್ ಆದರೆ ಆ ಆಧಾರವನ್ನು ಅಲ್ಲಿಯೇ ಹುಡುಕುತ್ತಿರುತ್ತಾರೆ. ಅಲ್ಲಿ ಮುಖ್ಯವಾಗಿ ಪರೀಕ್ಷಿಸುವುದು ಸುರಕ್ಷತೆ ಮತ್ತು ಪ್ರಮಾಣವನ್ನು, ಲಾಭದ ನಿರೀಕ್ಷೆಯನ್ನು ಅದಕ್ಕೆ ತಕ್ಕಷ್ಟೇ ಇಟ್ಟುಕೊಳ್ಳಬೇಕು.

ಈಗ ಎರಡನೆಯ ಪ್ರಶ್ನೆ. ತಕ್ಕಡಿಯ ಒಂದು ತಟ್ಟೆಯಲ್ಲಿ ಹೊಸ ಜೋಡಿ ಇದ್ದರೆ ಇನ್ನೊಂದರಲ್ಲಿ ಏನಿದೆ? ಇದನ್ನು ಕೇಳದೆ ಯಾವ ಸಂಖ್ಯೆಯನ್ನೂ ನಂಬಬೇಡಿ. ಲೀಪ್-002 ಟ್ರಯಲ್‌ನಲ್ಲಿ ಲೆನ್ವಾಟಿನಿಬ್ ಮಾತ್ರೆಗೆ ಪೆಂಬ್ರೊಲಿಜುಮ್ಯಾಬ್ ಇಂಜೆಕ್ಷನ್ ಸೇರಿಸಿದರು. ಇನ್ನೊಂದು ಗುಂಪಿಗೆ ಲೆನ್ವಾಟಿನಿಬ್ ಜೊತೆ ಔಷಧವಿಲ್ಲದ ಇಂಜೆಕ್ಷನ್. ಜೋಡಿಯ ಗುಂಪಿನ ಮಧ್ಯಾಂಕ 21.2 ತಿಂಗಳು. ಐಎಂಬ್ರೇವ್150ರ 19.2ಕ್ಕಿಂತಲೂ ಹೆಚ್ಚು! ಆದರೂ ಈ ಟ್ರಯಲ್ ವಿಫಲವಾಯಿತು. ಏಕೆಂದರೆ ಲೆನ್ವಾಟಿನಿಬ್ ಒಂದನ್ನೇ ಪಡೆದವರಲ್ಲಿಯೂ ಅದು 19.0 ತಿಂಗಳಿತ್ತು, ವ್ಯತ್ಯಾಸ ಮೊದಲೇ ನಿಗದಿಪಡಿಸಿದ ಮಿತಿಯನ್ನು ಮುಟ್ಟಲಿಲ್ಲ. ಬೇರೆ ಬೇರೆ ಟ್ರಯಲ್‌ಗಳ ತಿಂಗಳುಗಳನ್ನು ಅಕ್ಕಪಕ್ಕ ಇಟ್ಟು "ಇದು ಉತ್ತಮ" ಎನ್ನುವಂತಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಬರುವ ಚಾರ್ಟ್‌ಗಳು ಮಾಡುವುದು ಅದನ್ನೇ.

ಕಾಸ್ಮಿಕ್-312 ಇನ್ನೊಂದು ಪಾಠ ಕಲಿಸಿತು. ಕ್ಯಾಬೊಜಾಂಟಿನಿಬ್ ಮತ್ತು ಅಟೆಜೋಲಿಜುಮ್ಯಾಬ್ ಜೋಡಿ ಸೊರಾಫೆನಿಬ್‌ಗಿಂತ ಹೆಚ್ಚು ಕಾಲ ಗಡ್ಡೆಯನ್ನು ತಡೆದು ನಿಲ್ಲಿಸಿತು, ಆದರೆ ರೋಗಿಗಳು ಬದುಕಿದ ಅವಧಿ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ ಆಗಿತ್ತು. ಆದ್ದರಿಂದ "ಗಡ್ಡೆ ಕುಗ್ಗಿದೆ" ಎಂದಾಗ "ಬದುಕು ಹೆಚ್ಚಾಗಿದೆಯೇ?" ಎಂದೂ ಕೇಳಿ.

ಮಧ್ಯಾಂಕ ಮರೆಮಾಡುವ ಒಳ್ಳೆಯ ಸುದ್ದಿಯೂ ಇರುತ್ತದೆ. ಹಿಮಾಲಯಾ ಎಂಬ ಟ್ರಯಲ್‌ನಲ್ಲಿ ಟ್ರೆಮೆಲಿಮುಮ್ಯಾಬ್ ಒಂದೇ ಒಂದು ಸಲ, ಡುರ್ವಾಲುಮ್ಯಾಬ್ ನಾಲ್ಕು ವಾರಕ್ಕೊಮ್ಮೆ ಕೊಟ್ಟರು. ಮಧ್ಯಾಂಕ 16.4 ತಿಂಗಳು, ಸೊರಾಫೆನಿಬ್‌ನದು 13.8. ಇಷ್ಟೇನಾ ಎನಿಸಬಹುದು. ಆದರೆ ಮೂರು ವರ್ಷದ ಹೊತ್ತಿಗೆ ಜೋಡಿಯವರಲ್ಲಿ ಶೇ. 30.7 ಜನ ಬದುಕಿದ್ದರು, ಸೊರಾಫೆನಿಬ್‌ನವರಲ್ಲಿ ಶೇ. 20.2. ರೋಗನಿರೋಧಕ ಕಣಗಳ ಕಟ್ಟು ಬಿಚ್ಚುವ ಈ ವಿಧದ ಔಷಧಗಳಲ್ಲಿ (ಇಮ್ಯುನೊಥೆರಪಿ) ಕೆಲವರಿಗೆ ಲಾಭ ದೀರ್ಘಕಾಲ ಉಳಿಯುತ್ತದೆ. ಯಾರು ಆ ಕೆಲವರು ಎಂದು ಮೊದಲೇ ಹೇಳುವ ಪರೀಕ್ಷೆ ಇನ್ನೂ ಸಿಕ್ಕಿಲ್ಲ. ಹಾಗೆ ಹೇಳುತ್ತೇವೆ ಎನ್ನುವವರಿಗೆ ಹಣ ಕೊಡಬೇಡಿ.

ನಿಮ್ಮ ಟ್ರಯಲ್‌ನಲ್ಲಿ ಎರಡನೆಯ ಗುಂಪಿಗೆ ಏನು ಕೊಡುತ್ತಾರೆಂದು ತಿಳಿದ ಮೇಲೆ ಇದನ್ನು ಕೇಳಿ: "ಟ್ರಯಲ್ ಹೊರಗೆ ನಾವು ಹಣ ಕೊಟ್ಟು ಪಡೆಯಬಹುದಾದ ಚಿಕಿತ್ಸೆಗಿಂತ ಇದು ಕಡಿಮೆಯದೇ?" ಉತ್ತರ ನಿಮ್ಮ ಕೈಯಲ್ಲಿರುವ ಹಣವನ್ನೂ ಅವಲಂಬಿಸಿದೆ, ಅದನ್ನು ಮುಚ್ಚಿಡಬೇಕಾಗಿಲ್ಲ. 2012ರಲ್ಲಿ ಭಾರತದ ಪೇಟೆಂಟ್ ಕಚೇರಿ ನ್ಯಾಟ್ಕೋ ಕಂಪನಿಗೆ ಕಡ್ಡಾಯ ಪರವಾನಗಿ (ಬೇರೆಯವರ ಪೇಟೆಂಟ್ ಇರುವ ಔಷಧವನ್ನು ತಯಾರಿಸುವ ಅನುಮತಿ) ಕೊಟ್ಟಾಗ ಸೊರಾಫೆನಿಬ್‌ನ ತಿಂಗಳ ವೆಚ್ಚ ಸುಮಾರು 2.8 ಲಕ್ಷ ರೂಪಾಯಿಯಿಂದ ಒಂಬತ್ತು ಸಾವಿರಕ್ಕೂ ಕೆಳಗೆ ಇಳಿಯಿತು. ಲೆನ್ವಾಟಿನಿಬ್‌ಗೂ ಭಾರತೀಯ ಕಂಪನಿಗಳ ಮಾತ್ರೆಗಳಿವೆ. ಇಮ್ಯುನೊಥೆರಪಿ ಇಂಜೆಕ್ಷನ್‌ಗಳು ಮಾತ್ರ ಇವತ್ತಿಗೂ ಹೆಚ್ಚಿನ ಕುಟುಂಬಗಳ ಕೈಗೆ ಎಟಕುವುದಿಲ್ಲ. ಹಾಗಾಗಿ ಎರಡೂ ಗುಂಪಿಗೆ ಇಮ್ಯುನೊಥೆರಪಿ ಇರುವ ಟ್ರಯಲ್ ನಿಮ್ಮ ಪಾಲಿಗೆ ಒಂದು ರೀತಿ, ಒಂದು ಗುಂಪಿಗೆ ಹಳೆಯ ಮಾತ್ರೆ ಮಾತ್ರ ಇರುವುದು ಇನ್ನೊಂದು ರೀತಿ. ಯಾವ ಗುಂಪು ಎಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ನನಗಾಗಲಿ ವೈದ್ಯರಿಗಾಗಲಿ ಅದನ್ನು ಬದಲಿಸುವ ಅಧಿಕಾರವಿಲ್ಲ, ಶಿಫಾರಸು ಪತ್ರ ತರಬೇಡಿ.

ಒಪ್ಪಿಗೆ ಪತ್ರದಲ್ಲಿ ಬೆರಳಿಟ್ಟು ನೋಡಬೇಕಾದ ಜಾಗಗಳು

ನಮ್ಮ ದೇಶದಲ್ಲಿ ಇದೆಲ್ಲ ನಡೆಯುವುದು 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ. ಮಾಹಿತಿ ಪತ್ರದಲ್ಲಿ ಸಿಟಿಆರ್‌ಐ ಎಂದು ಆರಂಭವಾಗುವ ನೋಂದಣಿ ಸಂಖ್ಯೆಯನ್ನು ಹುಡುಕಿ, ಕಾಣದಿದ್ದರೆ ಕೇಳಿ. ಅದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸುವ ಸಾರ್ವಜನಿಕ ನೋಂದಣಿ. ಆ ಸಂಖ್ಯೆಯನ್ನು ಅದರ ಜಾಲತಾಣದಲ್ಲಿ ಹಾಕಿದರೆ ಟ್ರಯಲ್‌ನ ಹಂತ, ಎರಡೂ ಗುಂಪಿನ ಔಷಧ, ಸೇರಲು ಅರ್ಹತೆ, ಎಲ್ಲೆಲ್ಲಿ ನಡೆಯುತ್ತಿದೆ, ರೋಗಿಗಳ ಹಿತ ಕಾಯುವ ನೈತಿಕ ಸಮಿತಿಯ ಅನುಮತಿ ಸಿಕ್ಕಿದೆಯೇ ಎಲ್ಲವೂ ಕಾಣುತ್ತದೆ. ಸಂಖ್ಯೆ ಕೊಡಲು ಯಾರಾದರೂ ಹಿಂಜರಿದರೆ ಅಲ್ಲಿಂದ ಎದ್ದು ಬನ್ನಿ.

ಟ್ರಯಲ್ ಔಷಧಕ್ಕೆ ರೋಗಿ ಹಣ ಕೊಡುವಂತಿಲ್ಲವೆಂದು ಜನ ತಿಳಿದಿರುತ್ತಾರೆ, ಆದರೆ ಸ್ಕ್ಯಾನ್, ಎಂಡೋಸ್ಕೋಪಿ, ಹೆಪಟೈಟಿಸ್ ಮಾತ್ರೆ, ಬಸ್ಸು, ಲಾಡ್ಜ್ ಇವುಗಳ ಬಗ್ಗೆ ಕೇಳುವುದೇ ಇಲ್ಲ. ಒಂದೊಂದನ್ನೂ ಹೆಸರಿಸಿ ಕೇಳಿ, ಉತ್ತರ ಪತ್ರದಲ್ಲಿ ಎಲ್ಲಿ ಬರೆದಿದೆ ಎಂದು ತೋರಿಸಲು ಹೇಳಿ. ಐಎಂಬ್ರೇವ್150ರಲ್ಲಿ ಮೂರು ವಾರಕ್ಕೊಮ್ಮೆ ಡ್ರಿಪ್, ಆರಂಭದಲ್ಲಿ ಆರು ವಾರಕ್ಕೊಮ್ಮೆ ಸ್ಕ್ಯಾನ್ ಇತ್ತು. ಕಲಬುರಗಿಯಿಂದ ಬೆಂಗಳೂರಿಗೆ ಅಷ್ಟು ಸಲ ಯಾರು ಕರೆದುಕೊಂಡು ಬರುತ್ತಾರೆ, ಅವರ ಆ ದಿನದ ಕೂಲಿ ಏನಾಗುತ್ತದೆ ಎಂದು ಮನೆಯಲ್ಲಿ ಕೂತು ಮಾತಾಡಿ. ಪ್ರಯಾಣ ವೆಚ್ಚ ಕೊಡುತ್ತಾರಾದರೆ ಟಿಕೆಟ್‌ಗಳನ್ನು ಜೋಪಾನವಾಗಿಡಿ.

ಪತ್ರದಲ್ಲಿ ರೋಗಿಯ ವೃತ್ತಿ, ವಾರ್ಷಿಕ ಆದಾಯ, ನಾಮಿನಿಯ ಹೆಸರು ಕೇಳುತ್ತಾರೆ. ಇದನ್ನು ಕಂಡು ಹಲವರು ಗಾಬರಿಯಾಗುತ್ತಾರೆ. ಟ್ರಯಲ್‌ನಿಂದ ಹಾನಿಯಾದರೆ ಪರಿಹಾರ ಯಾರಿಗೆ ಸಲ್ಲಬೇಕೆಂದು ತಿಳಿಯಲು ನಾಮಿನಿ ಬೇಕು. ನಿಯಮದ ಪ್ರಕಾರ ಹಾನಿಗೆ ಉಚಿತ ಚಿಕಿತ್ಸೆ ಕೊಡಬೇಕು. ಟ್ರಯಲ್ ಕಾರಣದಿಂದ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ ಪರಿಹಾರಕ್ಕೆ ಸೂತ್ರವೇ ಇದೆ. ಕ್ಯಾನ್ಸರ್ ತಾನಾಗಿ ಬೆಳೆದು ಸಾವಾದರೆ ಆ ಪರಿಹಾರ ತಾನಾಗಿ ಬರುವುದಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳಬೇಕಾದದ್ದು ನನ್ನ ಕೆಲಸ. ಟ್ರಯಲ್ ಮುಗಿದ ಮೇಲೆ ಔಷಧ ಕೆಲಸ ಮಾಡುತ್ತಿದ್ದರೆ ಮುಂದುವರಿಸುತ್ತಾರೆಯೇ ಎಂದು ಈಗಲೇ ಕೇಳಿ: ಬೇರೆ ಚಿಕಿತ್ಸೆ ಇಲ್ಲದಿದ್ದರೆ, ವೈದ್ಯರು ಶಿಫಾರಸು ಮಾಡಿ ನೈತಿಕ ಸಮಿತಿ ಒಪ್ಪಿದರೆ ಉಚಿತವಾಗಿ ಕೊಡಲು ನಿಯಮದಲ್ಲಿ ಅವಕಾಶವಿದೆ.

ಓದಲು ಬಾರದವರಿಗೆ ಆಸ್ಪತ್ರೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರ ಎದುರು ವಿವರಿಸಬೇಕು. ಕೆಲವು ಟ್ರಯಲ್‌ಗಳಲ್ಲಿ ಒಪ್ಪಿಗೆಯ ವಿಡಿಯೊ ಮಾಡುತ್ತಾರೆ, ಅದು ರೋಗಿಯ ರಕ್ಷಣೆಗೇ. ಸಹಿಯಾದ ಪತ್ರದ ಒಂದು ಪ್ರತಿ ನಿಮ್ಮ ಹಕ್ಕು. ಇನ್ನೊಂದು ವಿಷಯವನ್ನು ಮಕ್ಕಳಿಗೆ ಕೈಮುಗಿದು ಹೇಳುತ್ತೇನೆ: "ಅಪ್ಪನಿಗೆ ಕ್ಯಾನ್ಸರ್ ಎಂದು ಹೇಳಬೇಡಿ, ನಾವೇ ಸಹಿ ಹಾಕುತ್ತೇವೆ" ಎನ್ನಬೇಡಿ. ಬುದ್ಧಿ ಸ್ವಚ್ಛವಾಗಿರುವ ರೋಗಿಯ ಒಪ್ಪಿಗೆ ಅವರದೇ ಆಗಿರಬೇಕು. ನಿಜ ತಿಳಿದ ಮೇಲೆ ಬಹಳ ಹಿರಿಯರು ಮಕ್ಕಳಿಗಿಂತ ಸಮಾಧಾನದಿಂದ ನಿರ್ಧರಿಸುತ್ತಾರೆ.

ಶುರುವಾದ ಮೇಲೆ

ರೋಗನಿರೋಧಕ ಕಣಗಳ ಕಟ್ಟು ಬಿಚ್ಚಿದಾಗ ಅವು ಗಡ್ಡೆಯನ್ನಷ್ಟೇ ಅಲ್ಲದೆ ಕರುಳು, ಶ್ವಾಸಕೋಶ, ಥೈರಾಯ್ಡ್, ಚರ್ಮ, ಲಿವರ್ ಮೇಲೂ ತಿರುಗಿಬೀಳಬಹುದು. ದಿನಕ್ಕೆ ನಾಲ್ಕೈದು ಸಲ ಭೇದಿ, ಹೊಸದಾಗಿ ಕೆಮ್ಮು ಅಥವಾ ಉಬ್ಬಸ, ಕಣ್ಣು ಹಳದಿಯಾಗುವುದು, ಏಳಲಾಗದಷ್ಟು ಸುಸ್ತು, ಇವು ಕಂಡ ದಿನವೇ ಫೋನ್ ಮಾಡಿ. ಭೇದಿಗೆ ಅಂಗಡಿಯ ಮಾತ್ರೆ ನುಂಗಿ ಕಾಯಬೇಡಿ; ಇದಕ್ಕೆ ಬೇಕಾಗುವುದು ಹಲವು ಸಲ ಸ್ಟೀರಾಯ್ಡ್, ತಡವಾದಷ್ಟೂ ಕಷ್ಟ. ಕಪ್ಪು ಮಲ ಅಥವಾ ರಕ್ತ ವಾಂತಿಯಾದರೆ ಬೆಂಗಳೂರಿಗೆ ಹೊರಡಬೇಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಫೋನ್ ಮಾಡಿಸಿ. ಟ್ರಯಲ್ ಹೆಸರು, ಔಷಧಗಳ ಹೆಸರು, ವೈದ್ಯರ ಸಂಖ್ಯೆ ಬರೆದ ಕಾರ್ಡ್ ರೋಗಿಯ ಜೇಬಿನಲ್ಲಿರಲಿ, ಅದರ ಫೋಟೊ ಮನೆಯ ಎಲ್ಲರ ಮೊಬೈಲ್‌ನಲ್ಲಿರಲಿ. ಇಂತಹ ಗಂಭೀರ ಘಟನೆ ತಿಳಿದ 24 ಗಂಟೆಯೊಳಗೆ ಸಂಶೋಧಕರು ವರದಿ ಮಾಡಬೇಕು, ಆದ್ದರಿಂದ ನಮಗೆ ತೊಂದರೆಯಾಗುತ್ತದೆ ಎಂದು ಸಂಕೋಚಪಡಬೇಡಿ.

ಬೆವಾಸಿಜುಮ್ಯಾಬ್ ಇದ್ದರೆ ರಕ್ತದೊತ್ತಡ ಏರಬಹುದು. ಐಎಂಬ್ರೇವ್150ರಲ್ಲಿ ನೂರರಲ್ಲಿ ಸುಮಾರು ಹದಿನೈದು ಜನರಿಗೆ ಅದು ತೀವ್ರವಾಗಿತ್ತು. ಬಿ.ಪಿ. ಯಂತ್ರ ತಂದು ದಿನವೂ ನೋಡಿ ಬರೆದಿಡಿ. ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ ತಪ್ಪಿಸಬೇಡಿ. ಗಾಯ ಮಾಯುವುದು ನಿಧಾನವಾಗುವುದರಿಂದ ಹಲ್ಲು ಕೀಳಿಸುವುದಾದರೂ ನಮ್ಮನ್ನು ಕೇಳಿಯೇ ಮಾಡಿಸಿ.

ನಾಟಿ ಔಷಧದ ಮಾತು. ಕಾಮಾಲೆಗೆ ನೆಲನೆಲ್ಲಿ, ಶಕ್ತಿಗೆ ಅಮೃತಬಳ್ಳಿ ಕಷಾಯ, ಊರ ಪಂಡಿತರ ಪುಡಿ, ಪ್ರೀತಿಯಿಂದ ಕೊಡುವವರು ಪ್ರತಿ ಮನೆಯಲ್ಲಿಯೂ ಇದ್ದಾರೆ. ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ರೋಗನಿರೋಧಕ ಶಕ್ತಿ ಲಿವರ್ ಮೇಲೆಯೇ ದಾಳಿ ಮಾಡಿದ ಪ್ರಕರಣಗಳನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು. ಇಮ್ಯುನೊಥೆರಪಿಯ ಮೇಲೆ ಇದನ್ನೂ ಕುಡಿದು ರಕ್ತದಲ್ಲಿ ಲಿವರ್ ಕಿಣ್ವಗಳು ಏರಿದರೆ ಯಾವುದರಿಂದ ಏರಿತೆಂದು ಹೇಳಲಾಗುವುದಿಲ್ಲ, ಕೆಲಸ ಮಾಡುತ್ತಿದ್ದ ಔಷಧವನ್ನೇ ನಿಲ್ಲಿಸಬೇಕಾಗಬಹುದು. ಟ್ರಯಲ್ ಅವಧಿಯಲ್ಲಿ ಇವೆಲ್ಲ ಬೇಡ. ಈಗಾಗಲೇ ಕೊಟ್ಟಿದ್ದರೆ ಬಚ್ಚಿಡದೆ ಹೇಳಿ, ಪುಡಿಯ ಪೊಟ್ಟಣವನ್ನೂ ತನ್ನಿ. ನಾನು ಯಾರನ್ನೂ ಬೈಯುವುದಿಲ್ಲ.

ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರಬಹುದು, ಅದರಿಂದ ಆಸ್ಪತ್ರೆಯ ಮುಂದಿನ ಚಿಕಿತ್ಸೆಗೆ ಅಡ್ಡಿಯಾಗಬಾರದು ಎಂಬುದು ಒಪ್ಪಿಗೆ ಪತ್ರದಲ್ಲಿಯೇ ಇರುತ್ತದೆ. ಸೇರದಿದ್ದರೂ, ಹೊರಬಂದರೂ, ನೋವು, ಹೊಟ್ಟೆಯ ನೀರು, ನಿದ್ದೆ, ಊಟ ಇವುಗಳನ್ನು ನೋಡಿಕೊಳ್ಳುವ ಉಪಶಮನ ಚಿಕಿತ್ಸೆಯ ವಿಭಾಗಕ್ಕೆ ಬೇಗ ಹೆಸರು ಬರೆಸಿ. ಅದು ಟ್ರಯಲ್ ನಡೆಯುತ್ತಿರುವಾಗಲೂ ಜೊತೆಯಲ್ಲಿಯೇ ಸಾಗಬಹುದು. ಹೊರಬರುವ ದಿನ ಕೊನೆಯ ಸ್ಕ್ಯಾನ್‌ನ ಸಿ.ಡಿ., ರಕ್ತ ಪರೀಕ್ಷೆಗಳ ಪ್ರತಿ, ಯಾವ ಔಷಧ ಯಾವ ದಿನ ನಿಂತಿತು ಎಂಬ ಪತ್ರ ಕೇಳಿ ಪಡೆಯಿರಿ. ಯಾವ ಗುಂಪಿನಲ್ಲಿದ್ದೀರೆಂಬುದು ಗುಟ್ಟಾಗಿರುವ ಟ್ರಯಲ್ ಆದರೆ ಅದನ್ನು ಯಾವಾಗ ತಿಳಿಸುತ್ತಾರೆ ಎಂದೂ ಬರೆಸಿಕೊಳ್ಳಿ. ಮುಂದಿನ ಔಷಧ ಆರಿಸುವ ವೈದ್ಯರು ಮೊದಲು ಕೇಳುವುದು ಈ ಕಾಗದಗಳನ್ನೇ.